ನಂಜನಗೂಡು ಯಾರದ್ದು? ಒಂದು ಚಿಪ್ಸ್ ಪ್ಯಾಕೆಟ್‌ನಿಂದ ನಾವು ಕಲಿತ ಟ್ರೇಡ್‌ಮಾರ್ಕ್ ಪಾಠ

ಐಪಿಆರ್ ಅನ್ನೋ ವಿಷಯ ನಮಗೆ ಪಾಠವಾಗಿ ಬರೋದು ಐದನೇ ಸೆಮಿಸ್ಟರ್‌ನಲ್ಲಿ. ನಾವಿನ್ನೂ ಎರಡನೇ ವರ್ಷ. ಆದರೆ ಒಂದು ಚಿಪ್ಸ್ ಪ್ಯಾಕೆಟ್‌ನಿಂದಾಗಿ ಅದರಲ್ಲಿ ಒಂದು ಅಧ್ಯಾಯವನ್ನು ಮೊದಲೇ ಓದಬೇಕಾಗಿ ಬಂತು. ಓದಿದ್ದನ್ನು ನಿಮಗೂ ಹೇಳೋಣ ಅಂತ ಈ ಲೇಖನ. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಕಾನೂನಿನ ಕನ್ನಡ ನಮಗೆ ಹೊಸದು. ಹಾಗಾಗಿ ಗೊತ್ತಿರೋ ಮಾತಲ್ಲೇ ಬರೆದಿದ್ದೇವೆ.

ನಮ್ಮ ಗುಂಪಿನ ಒಬ್ಬ ಗೆಳೆಯನ ಊರು ಟಿ. ನರಸೀಪುರ ತಾಲೂಕಿನಲ್ಲಿದೆ. ಅವನ ಅಮ್ಮ ಮತ್ತು ಅವರ ಸ್ವಸಹಾಯ ಸಂಘದ ಒಂಬತ್ತು ಹೆಂಗಸರು ಸೇರಿ ಬಾಳೆಕಾಯಿ ಚಿಪ್ಸ್ ಕರಿದು ಮಾರುತ್ತಾರೆ. ಮೊದಲು ಬರೀ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಡ್ತಿದ್ರು. ಕಳೆದ ರಜೆಯಲ್ಲಿ ನಾವು ನಾಲ್ವರು ಅಲ್ಲಿಗೆ ಹೋದಾಗ "ಒಂದು ಒಳ್ಳೇ ಲೇಬಲ್ ಮಾಡ್ಕೊಡಿ ಕಣ್ರಪ್ಪಾ" ಅಂದ್ರು. ನಾವು ಲ್ಯಾಪ್‌ಟಾಪ್ ತೆಗೆದು ಒಂದೇ ರಾತ್ರಿಯಲ್ಲಿ ಡಿಸೈನ್ ಮಾಡಿದೆವು. ಹಳದಿ ಹಿನ್ನೆಲೆ, ಹಸಿರು ಬಾಳೆ ಎಲೆ, ದೊಡ್ಡ ಅಕ್ಷರದಲ್ಲಿ "ನಂಜನಗೂಡು ರಸಬಾಳೆ ಚಿಪ್ಸ್". ಆ ಹೆಸರು ಕೇಳಿದರೆ ಯಾರಾದರೂ ತಗೋತಾರೆ ಅನ್ನೋದು ನಮ್ಮ ಲೆಕ್ಕ.

ಲೆಕ್ಕ ಸರಿಯಾಗೇ ಇತ್ತು. ಮಾರಾಟ ಜಾಸ್ತಿ ಆಯ್ತು. ಎರಡು ತಿಂಗಳಾದ ಮೇಲೆ ಸಂತೆಯಲ್ಲಿ ಇನ್ನೊಂದು ಪ್ಯಾಕೆಟ್ ಬಂತು. ಅದೇ ಹಳದಿ, ಅದೇ ಎಲೆ, ಅದೇ ಹೆಸರು. ಬೆಲೆ ಮಾತ್ರ ಐದು ರೂಪಾಯಿ ಕಡಿಮೆ. ಸಂಘದವರ ಅರ್ಧ ಮಾಲು ಹಾಗೇ ವಾಪಸ್ ಬಂತು. ಅಮ್ಮ ಫೋನ್ ಮಾಡಿ, "ಏನಾದ್ರೂ ಕೇಸ್ ಹಾಕಕ್ಕಾಗತ್ತಾ ನೋಡ್ರಪ್ಪಾ" ಅಂದ್ರು.

ನಾವು ಸಿಟ್ಟಿನಲ್ಲೇ ಎರಡೂ ಪ್ಯಾಕೆಟ್ ಹಿಡಿದುಕೊಂಡು ನಮ್ಮ ಕಾಲೇಜಿನಲ್ಲಿ ಐಪಿಆರ್ ಪಾಠ ಮಾಡೋ ಮೇಡಂ ಹತ್ತಿರ ಹೋದೆವು. ಅವರು ಎರಡನ್ನೂ ತಿರುಗಿಸಿ ನೋಡಿ ಮೂರು ಪ್ರಶ್ನೆ ಕೇಳಿದರು. ಇದು ರಸಬಾಳೆಯಿಂದ ಮಾಡಿದ್ದಾ? ನಂಜನಗೂಡು ಯಾರದ್ದು? ಈ ಹೆಸರಲ್ಲಿ ನಿಮ್ಮದು ಅಂತ ಏನಿದೆ? ಮೂರಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಮುಂದಿನ ಪಾಠ.

ಮೊದಲನೇ ಪ್ರಶ್ನೆ: ಇದು ರಸಬಾಳೆಯಾ?

ಅಲ್ಲ. ಚಿಪ್ಸ್ ಮಾಡೋದು ನೇಂದ್ರ ಬಾಳೆಕಾಯಿಯಿಂದ. ಊರಿರೋದು ಟಿ. ನರಸೀಪುರ ತಾಲೂಕಿನಲ್ಲಿ. ಅಂದ್ರೆ ನಾವು ಬರೆದ ಮೂರು ಪದಗಳಲ್ಲಿ "ಚಿಪ್ಸ್" ಒಂದೇ ನಿಜ.

ನಂಜನಗೂಡು ರಸಬಾಳೆ ಸುಮ್ಮನೆ ಒಂದು ಬಾಳೆ ಅಲ್ಲ. ನಂಜನಗೂಡಿನ ಸುತ್ತಮುತ್ತಲಿನ, ಅದರಲ್ಲೂ ದೇವರಸನಹಳ್ಳಿ ಕಡೆಯ ಮಣ್ಣಿನಲ್ಲಿ ಬೆಳೆದ ಹಣ್ಣಿಗೆ ಆ ಪರಿಮಳ, ಆ ರುಚಿ ಬರತ್ತೆ ಅನ್ನೋದು ಅದರ ಖ್ಯಾತಿ. ಪನಾಮಾ ಸೊರಗು ರೋಗ ಬಂದು ತೋಟಗಳು ಒಣಗಿ, ಬೆಳೆಯೋ ಪ್ರದೇಶ ತುಂಬಾ ಕಡಿಮೆ ಆಗಿದೆ. ಈ ಹಣ್ಣಿಗೆ 2005-06ರಲ್ಲಿ ಭೌಗೋಳಿಕ ಸೂಚಕ, ಅಂದ್ರೆ ನಾವು ನ್ಯೂಸ್‌ನಲ್ಲಿ ಕೇಳೋ ಜಿಐ ಟ್ಯಾಗ್ ಸಿಕ್ಕಿತು. ಅರ್ಜಿ ಹಾಕಿದ್ದು ಕರ್ನಾಟಕದ ತೋಟಗಾರಿಕೆ ಇಲಾಖೆ. ದೇಶದ ಮೊದಲ ಜಿಐ ಡಾರ್ಜಿಲಿಂಗ್ ಚಹಾಕ್ಕೆ ಸಿಕ್ಕಿದ್ದು 2004-05ರಲ್ಲಿ. ಅಂದ್ರೆ ನಮ್ಮ ರಸಬಾಳೆ ಮೊದಲ ಸಾಲಿನಲ್ಲೇ ಕೂತಿದೆ.

ಉಳಿದಿರೋ ಸ್ವಲ್ಪ ರೈತರು ರೋಗದ ಜೊತೆ ಗುದ್ದಾಡಿ ಆ ಹಣ್ಣು ಬೆಳೀತಿದ್ದಾರೆ. ನಾವು ಅವರ ಹೆಸರನ್ನ ನೇಂದ್ರ ಚಿಪ್ಸ್ ಮೇಲೆ ಅಂಟಿಸಿದ್ವಿ. ನಮ್ಮ ಪ್ಯಾಕೆಟ್ ಕದ್ದವನ ಮೇಲೆ ಸಿಟ್ಟಾಗಿ ಹೋದವರಿಗೆ, ನಾವೇ ಇನ್ನೊಬ್ಬರದ್ದನ್ನ ತಗೊಂಡಿದ್ದೇವೆ ಅಂತ ಗೊತ್ತಾದಾಗ ತಲೆ ತಗ್ಗಿತು. ಕಾನೂನೂ ಇದನ್ನೇ ಹೇಳತ್ತೆ. ಗ್ರಾಹಕರನ್ನು ದಾರಿ ತಪ್ಪಿಸೋ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಣಿ ಮಾಡೋದಿಲ್ಲ. ಜಿಐ ಇರೋ ಹೆಸರನ್ನು ಬೇರೆ ಕಡೆಯ ಸರಕಿಗೆ ಹಾಕಿ ಜನರನ್ನು ಗೊಂದಲಕ್ಕೆ ತಳ್ಳೋದೂ ತಪ್ಪು.

ಎರಡನೇ ಪ್ರಶ್ನೆ: ನಂಜನಗೂಡು ಯಾರದ್ದು?

ಈ ಪ್ರಶ್ನೆಯನ್ನು ಅಮ್ಮನಿಗೆ ದಾಟಿಸಿದಾಗ ಅವರು ತಿರುಗಿ ಕೇಳಿದ್ದು, "ನಮ್ ಕಡೆ ಊರಿನ ಹೆಸರು ನಮ್ದಲ್ವಾ?" ನಿಮ್ಮದೇ, ಆದರೆ ನಿಮ್ಮೊಬ್ಬರದ್ದೇ ಅಲ್ಲ. ಇಡೀ ವಿಷಯದ ತಿರುಳು ಇಷ್ಟೇ.

ಭಾರತದ ಟ್ರೇಡ್‌ಮಾರ್ಕ್ ಕಾಯ್ದೆ 1999ರದ್ದು. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್ ಯಾವ ಹೆಸರಿಗೆ ನೋಂದಣಿ ಸಿಗಲ್ಲ ಅಂತ ಹೇಳತ್ತೆ. ಸರಕಿನ ಜಾತಿ, ಗುಣ, ಪ್ರಮಾಣ, ಬಳಕೆ ಅಥವಾ ಅದು ಬಂದ ಊರನ್ನು ಮಾತ್ರ ಹೇಳೋ ಪದಗಳು ಆ ಪಟ್ಟಿಯಲ್ಲಿವೆ. ಕಾರಣ ಸುಲಭ. ನಾಳೆ ಒಬ್ಬರು "ನಂಜನಗೂಡು" ಅನ್ನೋ ಪದವನ್ನೇ ತಮ್ಮ ಹೆಸರಿಗೆ ಬರೆಸಿಕೊಂಡರೆ, ಆ ಊರಲ್ಲಿ ಚಿಪ್ಸ್ ಮಾಡೋ ಉಳಿದವರು ತಮ್ಮ ಊರಿನ ಹೆಸರನ್ನೇ ಬರೆಯೋ ಹಾಗಿಲ್ಲ. ಹಿಂದೊಮ್ಮೆ ಇಂಪೀರಿಯಲ್ ಟೊಬ್ಯಾಕೊ ಕಂಪನಿ "ಸಿಮ್ಲಾ" ಅನ್ನೋ ಹೆಸರನ್ನು ಸಿಗರೇಟಿಗೆ ನೋಂದಣಿ ಮಾಡಿಸಲು ಹೋಗಿತ್ತು. 1977ರಲ್ಲಿ ಕಲ್ಕತ್ತಾ ಹೈಕೋರ್ಟ್ ಕೂಡ ಆಗಲ್ಲ ಅಂದಿತು. ಸಿಮ್ಲಾ ಎಲ್ಲರಿಗೂ ಗೊತ್ತಿರೋ ಊರು, ಒಂದು ಕಂಪನಿಯ ಗುರುತಲ್ಲ.

ಹಾಗಾದ್ರೆ ನಂಜನಗೂಡು ಹಲ್ಲುಪುಡಿ? ನಮ್ಮ ಅಜ್ಜಿಯರ ಕಾಲದಿಂದ ಮನೆಮನೆಯಲ್ಲಿ ಇರೋ ಡಬ್ಬಿ ಅದು. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಸರಕು. ಅದರಲ್ಲೂ ಊರಿನ ಹೆಸರಿದೆಯಲ್ಲ? ಇಂಥ ಹೆಸರುಗಳಿಗೆ ಅದೇ 9ನೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ಬಿಟ್ಟಿದ್ದಾರೆ. ವಿವರಣೆಯಂತಿರೋ ಹೆಸರೇ ಆದರೂ, ಅರ್ಜಿಗೆ ಮೊದಲೇ ತುಂಬಾ ಕಾಲದ ಬಳಕೆಯಿಂದ ಜನರ ಮನಸ್ಸಲ್ಲಿ "ಇದು ಇಂಥವರದ್ದೇ" ಅಂತ ಕೂತುಬಿಟ್ಟಿದ್ದರೆ ಅದಕ್ಕೆ ನೋಂದಣಿ ಕೇಳಬಹುದು. ಅದನ್ನು ಜಾಹೀರಾತು, ಬಿಲ್ಲು, ವರ್ಷಗಳ ವ್ಯಾಪಾರದ ಲೆಕ್ಕ ಎಲ್ಲ ಇಟ್ಟು ಸಾಬೀತು ಮಾಡಬೇಕು. ನೂರು ವರ್ಷದ ಹಲ್ಲುಪುಡಿಗೂ ಎರಡು ತಿಂಗಳ ಚಿಪ್ಸ್‌ಗೂ ವ್ಯತ್ಯಾಸ ಇರೋದು ಇಲ್ಲೇ.

ಊರಿನ ಹೆಸರನ್ನು ಊರಿನವರೆಲ್ಲ ಸೇರಿ ಕಾಪಾಡಿಕೊಳ್ಳೋ ದಾರಿಯೇ ಜಿಐ. ಅದಕ್ಕೆ ಬೇರೆ ಕಾಯ್ದೆ ಇದೆ, ಅದೂ 1999ರದ್ದೇ. ಇದರ ಇನ್ನೊಂದು ಉದಾಹರಣೆ ಗೆಳೆಯನ ತಾಲೂಕಿನಲ್ಲೇ ಸಿಕ್ಕಿತು. ನಂಜನಗೂಡು ದಾಟಿದ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿ ಸೇರತ್ತೆ. ಆ ಊರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚೋ ಕಾರ್ಖಾನೆ ಇದೆ. ರೇಷ್ಮೆ ಗೂಡನ್ನು ಬೇಯಿಸಿ ಎಳೆ ತೆಗೆಯೋದು ಅಲ್ಲಿ, ನೇಯೋದು 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಲ್ಲಿ. "ಮೈಸೂರು ಸಿಲ್ಕ್" ಅನ್ನೋ ಜಿಐ ಈ ನಿಗಮದ ಹೆಸರಲ್ಲಿದೆ. ನಿಗಮದ ಸೀರೆಯಲ್ಲಿ ಅದರದ್ದೇ ಆದ ಒಂದು ಸಂಖ್ಯೆಯನ್ನು ಹೊಲಿದಿರುತ್ತಾರೆ, ಹೊಲೊಗ್ರಾಂ ಇರತ್ತೆ. ಮುಂದಿನ ಸಲ ಅಮ್ಮನ ಸೀರೆ ಮಡಚುವಾಗ ಹುಡುಕಿ ನೋಡಿ.

ನೆನಪಿಟ್ಟುಕೊಳ್ಳೋಕೆ ಹೀಗೆ ಹೇಳಬಹುದು. ಜಿಐ ಸರಕು ಎಲ್ಲಿಯದು ಅಂತ ಹೇಳತ್ತೆ, ಟ್ರೇಡ್‌ಮಾರ್ಕ್ ಸರಕು ಯಾರದ್ದು ಅಂತ ಹೇಳತ್ತೆ. ಟ್ರೇಡ್‌ಮಾರ್ಕನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಜಿಐಯನ್ನು ಯಾರೂ ಯಾರಿಗೂ ಮಾರೋ ಹಾಗಿಲ್ಲ.

ಮೂರನೇ ಪ್ರಶ್ನೆ: ಹೆಸರಲ್ಲಿ ನಿಮ್ಮದು ಏನಿದೆ?

ಮೇಡಂ ಬೋರ್ಡ್ ಮೇಲೆ ಒಂದು ಮೆಟ್ಟಿಲು ಬರೆದು ತೋರಿಸಿದರು. ಕೆಳಗಿನ ಮೆಟ್ಟಿಲ ಹೆಸರು ದುರ್ಬಲ, ಮೇಲೆ ಹೋದಷ್ಟೂ ಬಲ ಜಾಸ್ತಿ. ಉದಾಹರಣೆಗಳನ್ನು ನಮ್ಮ ಸುತ್ತಮುತ್ತಲಿಂದಲೇ ಆರಿಸಿದ್ದೇವೆ.

ಎಲ್ಲಕ್ಕಿಂತ ಕೆಳಗೆ ಸರಕಿನ ಹೆಸರೇ. "ಚಿಪ್ಸ್" ಅನ್ನೋ ಪದವನ್ನು ಚಿಪ್ಸ್‌ಗೆ ಯಾರೂ ಸ್ವಂತ ಮಾಡಿಕೊಳ್ಳೋಕೆ ಆಗಲ್ಲ.

ಅದರ ಮೇಲೆ ವಿವರಣೆ. "ಗರಿಗರಿ ಚಿಪ್ಸ್", "ನಂಜನಗೂಡು ಚಿಪ್ಸ್". ನಾವಿದ್ದಿದ್ದು ಇದೇ ಮೆಟ್ಟಿಲಲ್ಲಿ.

ಮೂರನೆಯದು ಸೂಚನೆ ಕೊಡೋ ಹೆಸರು. ಹಾಲಿಗೆ "ನಂದಿನಿ". ಪುರಾಣದ ಹಸುವಿನ ಹೆಸರು. ನೇರವಾಗಿ ಹಾಲು ಅನ್ನಲ್ಲ, ಆದರೆ ಹಾಲನ್ನು ನೆನಪಿಸತ್ತೆ.

ನಾಲ್ಕನೆಯದು ಸರಕಿಗೂ ಪದಕ್ಕೂ ಸಂಬಂಧವೇ ಇಲ್ಲದ್ದು. ಅಗರಬತ್ತಿಗೆ "ಸೈಕಲ್". 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಅವರು ಕಟ್ಟಿದ ಸಂಸ್ಥೆಯದು. ಸೈಕಲ್‌ಗೂ ಪರಿಮಳಕ್ಕೂ ಏನು ಸಂಬಂಧ? ಇಲ್ಲದಿರೋದೇ ಆ ಹೆಸರಿನ ಬಲ.

ಎಲ್ಲಕ್ಕಿಂತ ಮೇಲೆ ಹೊಸದಾಗಿ ಹುಟ್ಟಿಸಿದ ಪದ. ನಂಜನಗೂಡಿನಲ್ಲಿ ನೆಸ್ಲೆ ಕಂಪನಿಯ ಕಾಫಿ ಕಾರ್ಖಾನೆ ಇದೆಯಲ್ಲ, ಅವರ "ನೆಸ್ಕೆಫೆ" ಇಂಥದ್ದು. ಕಂಪನಿ ಹೆಸರಿನ ಚೂರು, ಕೆಫೆ ಅನ್ನೋ ಪದ ಸೇರಿಸಿ ಮಾಡಿದ್ದು.

ದೇವರ ಹೆಸರು, ಧರ್ಮಗ್ರಂಥದ ಹೆಸರು ಇಟ್ಟರೆ ಸೇಫ್ ಅಂತ ನಾವು ಅಂದುಕೊಂಡಿದ್ದೆವು. ಅದೂ ಗಟ್ಟಿ ಅಲ್ಲ. ಅಗರಬತ್ತಿಗೆ "ರಾಮಾಯಣ" ಅಂತ ಹೆಸರಿಟ್ಟು ನೋಂದಣಿ ಕೇಳಿದ ಪ್ರಕರಣದಲ್ಲಿ, ಧರ್ಮಗ್ರಂಥದ ಹೆಸರನ್ನು ಒಬ್ಬರು ಸ್ವಂತ ಮಾಡಿಕೊಳ್ಳೋಕೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ನಂದಿನಿ ಮತ್ತು ನಂದಿನಿ

ಒಂದೇ ಹೆಸರು ಇಬ್ಬರ ಹತ್ತಿರ ಇರಬಹುದಾ? ಇರಬಹುದು. ಕರ್ನಾಟಕದ್ದೇ ದೊಡ್ಡ ಕೇಸ್ ಇದೆ. ಕೆಎಂಎಫ್ 1985ರಿಂದ ಹಾಲಿಗೆ "ನಂದಿನಿ" ಹೆಸರು ಬಳಸ್ತಿತ್ತು. ಬೆಂಗಳೂರಿನಲ್ಲಿ 1989ರಲ್ಲಿ "ನಂದಿನಿ ಡಿಲಕ್ಸ್" ಹೋಟೆಲ್ ಶುರುವಾಯಿತು. ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಅಕ್ಷರದ ವ್ಯತ್ಯಾಸ ಅಷ್ಟೇ, ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಹೋಟೆಲ್‌ನವರು ತಿಂಡಿ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಕೆಎಂಎಫ್ ವಿರೋಧಿಸಿತು. ಹೈಕೋರ್ಟ್‌ನಲ್ಲಿ ಕೆಎಂಎಫ್ ಕಡೆಗೇ ತೀರ್ಪು ಬಂತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ನಂದಿನಿ ಅನ್ನೋದು ಯಾರೋ ಹೊಸದಾಗಿ ಹುಟ್ಟಿಸಿದ ಪದ ಅಲ್ಲ, ದೇವಿಯ ಹೆಸರು, ಪುರಾಣದ ಹಸುವಿನ ಹೆಸರು. ಇಬ್ಬರ ಚಿತ್ರ ಬೇರೆ, ಸರಕು ಬೇರೆ, ಒಂದೇ ವರ್ಗದಲ್ಲಿ ಇದ್ದ ಮಾತ್ರಕ್ಕೆ ಸರಕು ಒಂದೇ ಆಗಲ್ಲ ಅಂತ ಕೋರ್ಟ್ ಹೇಳಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವಕ್ಕೆ ಹೋಟೆಲ್‌ನವರಿಗೆ ನೋಂದಣಿಯ ದಾರಿ ತೆರೆಯಿತು.

ಈ ಕೇಸ್‌ನಿಂದ ನಾವು ತಗೊಂಡ ಪಾಠ ಇದು. ಎಲ್ಲರಿಗೂ ಗೊತ್ತಿರೋ ಪದವನ್ನು ಆರಿಸಿದರೆ ಎಷ್ಟೇ ದೊಡ್ಡವರಾದರೂ ಅದನ್ನು ಎಲ್ಲಾ ಕಡೆ ಬೇಲಿ ಹಾಕಿ ಇಟ್ಟುಕೊಳ್ಳೋಕೆ ಆಗಲ್ಲ.

ಅರ್ಜಿ ಹಾಕೋದು ಹೇಗೆ?

1. ಮೊದಲು ಹುಡುಕಿ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕೋಕೆ ದುಡ್ಡು ಕೊಡಬೇಕಿಲ್ಲ. ಕಾಗುಣಿತ ಬದಲಾದರೂ ಉಚ್ಚಾರಣೆ ಒಂದೇ ಇದ್ದರೆ ತೊಂದರೆ. ಹಾಗಾಗಿ ಉಚ್ಚಾರಣೆ ಪ್ರಕಾರವೂ ಹುಡುಕಿ.

2. ವರ್ಗ ಗೊತ್ತು ಮಾಡಿಕೊಳ್ಳಿ. ಸರಕಿಗೆ 1ರಿಂದ 34, ಸೇವೆಗೆ 35ರಿಂದ 45, ಒಟ್ಟು 45 ವರ್ಗ. ಹಲ್ಲುಪುಡಿ, ಅಗರಬತ್ತಿ 3ರಲ್ಲಿ. ಬಾಳೆಕಾಯಿ ಚಿಪ್ಸ್ 29ರಲ್ಲಿ. ಕಾಫಿಪುಡಿ, ಹಿಟ್ಟು 30ರಲ್ಲಿ. ತಾಜಾ ಹಣ್ಣು 31ರಲ್ಲಿ. ನೀವು ಮಾಡೋ ಆ್ಯಪ್ 9ರಲ್ಲಿ, ಹೋಟೆಲ್ ಸೇವೆ 43ರಲ್ಲಿ.

3. ಟಿಎಂ-ಎ ಅನ್ನೋ ಫಾರಂ ತುಂಬಿ. ಆನ್‌ಲೈನ್‌ನಲ್ಲಿ ವ್ಯಕ್ತಿ, ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂ., ಉಳಿದವರಿಗೆ 9,000 ರೂ. ಆನ್‌ಲೈನ್‌ಗೆ ಡಿಜಿಟಲ್ ಸಹಿ ಬೇಕು. ಕರ್ನಾಟಕದವರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರ್ತೇವೆ. ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು! ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು ಅಷ್ಟೇ. ಕನ್ನಡ ಕ್ಲಬ್‌ನವರಿಗೆ ಇದಕ್ಕಿಂತ ಖುಷಿ ಏನಿದೆ?

4. ಪರೀಕ್ಷಾ ವರದಿಗೆ ಕಾಯಿರಿ. ಅಧಿಕಾರಿ ಆಕ್ಷೇಪ ಎತ್ತಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಈ ದಿನ ತಪ್ಪಿಸಿಕೊಂಡರೆ ಅರ್ಜಿಯೇ ಹೋಗಬಹುದು.

5. ಒಪ್ಪಿಗೆಯಾದರೆ ಹೆಸರನ್ನು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಆಕ್ಷೇಪ ಬೇರೆ, ವಿರೋಧ ಬೇರೆ. ಆಕ್ಷೇಪ ಕಚೇರಿಯಿಂದ ಬರತ್ತೆ, ವಿರೋಧ ಹೊರಗಿನವರಿಂದ.

6. ಯಾರೂ ವಿರೋಧಿಸದಿದ್ದರೆ, ಅಥವಾ ವಿರೋಧದಲ್ಲಿ ನೀವು ಗೆದ್ದರೆ, ಪ್ರಮಾಣಪತ್ರ ಸಿಗತ್ತೆ. ಅರ್ಜಿ ಹಾಕಿದ ದಿನದಿಂದ 10 ವರ್ಷ. ಆಮೇಲೆ ಹತ್ತತ್ತು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. ಪೇಟೆಂಟ್ 20 ವರ್ಷಕ್ಕೆ ಮುಗಿಯತ್ತೆ, ಟ್ರೇಡ್‌ಮಾರ್ಕ್ ನೋಡಿಕೊಂಡರೆ ಮುಗಿಯೋದೇ ಇಲ್ಲ.

ಹೆಸರಿನ ಪಕ್ಕ ಟಿಎಂ ಅಂತ ಚಿಕ್ಕದಾಗಿ ಯಾರು ಬೇಕಾದರೂ ಹಾಕಬಹುದು. ಆದರೆ ವೃತ್ತದೊಳಗೆ ಆರ್ ಇರೋ ಚಿಹ್ನೆಯನ್ನು ನೋಂದಣಿ ಆದ ಮೇಲೆ ಮಾತ್ರ ಹಾಕಬೇಕು. ಸ್ಟೈಲ್‌ಗೆ ಅಂತ ನಾವು ನಮ್ಮ ಲೇಬಲ್ ಮೇಲೆ ಅದನ್ನೇ ಹಾಕಿದ್ದೆವು. ಮೇಡಂ ಅದನ್ನು ನೋಡಿ ಬೈದಿದ್ದು ಇಲ್ಲಿ ಬರೆಯೋ ಹಾಗಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ. ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಜಿಎಸ್‌ಟಿ ಇದೆ, ಇನ್‌ಸ್ಟಾಗ್ರಾಂ ಪೇಜ್ ಇದೆ, ಹಾಗಾಗಿ ಹೆಸರು ನಮ್ಮದೇ ಅಂತ ತುಂಬಾ ಜನ ಅಂದುಕೊಳ್ತಾರೆ. ಅವು ಯಾವುವೂ ಹೆಸರಿನ ಹಕ್ಕು ಕೊಡಲ್ಲ.

ನೋಂದಣಿ ಇಲ್ಲದವರ ಗತಿ?

ಸಂತೆಯ ಆ ಇನ್ನೊಂದು ಪ್ಯಾಕೆಟ್ ಕಥೆ ಏನಾಯ್ತು ಅಂತ ನೀವು ಕೇಳಬಹುದು. ನೋಂದಣಿ ಇಲ್ಲದಿದ್ದರೂ "ಪಾಸಿಂಗ್ ಆಫ್" ಅನ್ನೋ ದಾರಿ ಇದೆ. ತಮ್ಮ ಸರಕನ್ನು ಇನ್ನೊಬ್ಬರದ್ದು ಅಂತ ತೋರಿಸಿ ಮಾರೋದರ ವಿರುದ್ಧ ಕೋರ್ಟಿಗೆ ಹೋಗೋದು. ಅದಕ್ಕೆ ಮೂರು ಸಾಬೀತು ಮಾಡಬೇಕು. ನಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿ ಒಳ್ಳೇ ಹೆಸರಿದೆ, ಎದುರಿನವರು ಜನರನ್ನು ಗೊಂದಲ ಮಾಡಿದರು, ಅದರಿಂದ ನಮಗೆ ನಷ್ಟ ಆಯಿತು. ಎರಡು ತಿಂಗಳ ವ್ಯಾಪಾರ, ಬಿಲ್ ಪುಸ್ತಕ ಇಲ್ಲ, ಹೆಸರಲ್ಲೇ ಸುಳ್ಳಿದೆ. ಇಷ್ಟು ಇಟ್ಟುಕೊಂಡು ಯಾವ ಮುಖ ಹೊತ್ತು ಹೋಗೋದು?

ನಮ್ಮ ಕಾನೂನಿನಲ್ಲಿ ಬಳಕೆಗೆ ತುಂಬಾ ಬೆಲೆ ಇದೆ. ಮೊದಲಿಂದ ಪ್ರಾಮಾಣಿಕವಾಗಿ ಬಳಸುತ್ತಾ ಬಂದವರನ್ನು ಆಮೇಲೆ ನೋಂದಣಿ ಮಾಡಿಸಿದವರು ಎಬ್ಬಿಸೋಕೆ ಆಗಲ್ಲ. ಹಾಗಾಗಿ ಮೊದಲ ದಿನದಿಂದ ಬಿಲ್, ಲೇಬಲ್ ಮುದ್ರಿಸಿದ ರಸೀದಿ, ಫೋಟೋ ಎಲ್ಲ ತಾರೀಖಿನ ಸಮೇತ ಇಟ್ಟುಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಗಿಟ್‌ನ ಕಮಿಟ್ ಹಿಸ್ಟರಿ ಇದ್ದ ಹಾಗೆ. ಜಗಳ ಬಂದಾಗ ಯಾರು ಯಾವಾಗ ಮಾಡಿದ್ರು ಅಂತ ಅದೇ ಹೇಳಬೇಕು.

ಆಮೇಲೆ ನಾವು ಮಾಡಿದ್ದು

ಹಳೇ ಲೇಬಲ್ ಉಳಿದಿದ್ದನ್ನೆಲ್ಲ ಸಂಘದವರು ಒಲೆಗೆ ಹಾಕಿದರು. ಮುದ್ರಿಸೋಕೆ ಹೋದ ದುಡ್ಡು ಹೋದ ಹಾಗೇ. ಅದರಲ್ಲಿ ನಮ್ಮ ತಪ್ಪೇ ಜಾಸ್ತಿ ಅಂತ ಹೇಳಿ ನಾವು ನಾಲ್ವರು ಸ್ವಲ್ಪ ಹಾಕಿಕೊಟ್ಟೆವು. ಅಮ್ಮ ಬೇಡ ಅಂದ್ರು, ಆಮೇಲೆ ತಗೊಂಡ್ರು.

ಹೊಸ ಹೆಸರು ಹುಡುಕೋಕೆ ಒಂದು ಭಾನುವಾರ ಹತ್ತೂ ಜನ ಜಗುಲಿ ಮೇಲೆ ಕೂತರು. ನಾವು ಇಂಗ್ಲಿಷ್ ಪದ ಹೇಳ್ತಾ ಹೋದೆವು, ಅವರು ನಗ್ತಾ ಹೋದರು. ಕೊನೆಗೆ ಒಬ್ಬರು ತಮ್ಮ ಮಗಳು ಚಿಕ್ಕವಳಿದ್ದಾಗ ಚಿಪ್ಸ್‌ಗೆ ಹೇಳ್ತಿದ್ದ ತೊದಲು ಮಾತನ್ನು ಹೇಳಿದರು. ಯಾವ ನಿಘಂಟಿನಲ್ಲೂ ಇಲ್ಲದ ಪದ. ಹುಡುಕಿದೆವು, 29ನೇ ವರ್ಗದಲ್ಲಿ ಅಂಥದ್ದು ಸಿಗಲಿಲ್ಲ. ಮೆಟ್ಟಿಲಿನ ತುದಿಯಲ್ಲಿರೋ ಪದ! ಅರ್ಜಿ ಹಾಕೋವರೆಗೂ ಎಲ್ಲೂ ಹೇಳಬೇಡಿ ಅಂತ ಮೇಡಂ ಹೇಳಿರೋದರಿಂದ ಇಲ್ಲಿ ಬರೆಯಲ್ಲ.

ಅರ್ಜಿ ಯಾರ ಹೆಸರಲ್ಲಿ ಅನ್ನೋದು ಕೊನೇ ಪ್ರಶ್ನೆ. ಗೆಳೆಯ "ಅಮ್ಮನ ಹೆಸರಲ್ಲೇ ಹಾಕೋಣ, ಸುಲಭ" ಅಂದ. ಅವನ ಅಮ್ಮನೇ ಒಪ್ಪಲಿಲ್ಲ. "ನಾಳೆ ನಾನು ಸಂಘ ಬಿಟ್ರೆ ಹೆಸರೂ ನನ್ ಜೊತೆ ಬಂದ್ಬಿಡತ್ತಾ? ಎಣ್ಣೆ ಮುಂದೆ ನಿಂತೋರು ಎಲ್ರೂ ಅಲ್ವಾ?" ಅಂದ್ರು. ಜಂಟಿಯಾಗಿ ಅರ್ಜಿ ಹಾಕೋಕೆ ಅವಕಾಶ ಇದೆ. ಹತ್ತು ಜನರ ಆಧಾರ್ ಪ್ರತಿ ಈಗ ನಮ್ಮ ಹಾಸ್ಟೆಲ್ ರೂಮಿನ ಫೈಲ್‌ನಲ್ಲಿದೆ. ಒಬ್ಬರ ಸಹಿ ಬಾಕಿ ಇದೆ, ಅವರು ಮಗಳ ಬಾಣಂತನಕ್ಕೆ ಹೋಗಿದ್ದಾರೆ.

ಹೊಸ ಪ್ಯಾಕೆಟ್ ಹಿಂಭಾಗದಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರತ್ತೆ: "ನೇಂದ್ರ ಬಾಳೆಕಾಯಿಯಿಂದ ಟಿ. ನರಸೀಪುರ ತಾಲೂಕಿನಲ್ಲಿ ಮಾಡಿದ್ದು." ನಿಜವಾದ ವಿಳಾಸವನ್ನು ವಿಳಾಸವಾಗಿ ಬರೆಯೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಈ ಸಲ ಫೆಸ್ಟ್‌ನಲ್ಲಿ ಸ್ಟಾಲ್ ಹಾಕೋರು, ಸ್ಟಾರ್ಟಪ್ ಅಂತ ಓಡಾಡ್ತಿರೋರು, ಲೋಗೋ ಮಾಡೋಕೆ ಕೂರೋ ಮುಂಚೆ ಆ ಮೂರು ಪ್ರಶ್ನೆಯನ್ನು ಒಂದ್ಸಲ ಕೇಳಿಕೊಳ್ಳಿ. ಮನೆಯಲ್ಲಿ ಅಮ್ಮನೋ ಅತ್ತೆಯೋ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರ್ತಿದ್ದರೆ ಅವರಿಗೂ ಹೇಳಿ. ಹುಡುಕೋದು ಹೇಗೆ ಅಂತ ಗೊತ್ತಾಗದಿದ್ದರೆ ಕನ್ನಡ ಕ್ಲಬ್ ರೂಮಿಗೆ ಬನ್ನಿ, ಕೂತು ತೋರಿಸ್ತೇವೆ. ಚಿಪ್ಸ್ ಇದ್ದರೆ ಅದೂ ಸಿಗತ್ತೆ.